ಎಡಗಡೆಯ ಉಸಿರು

ಹೋದ ತಿಂಗಳು ನಮ್ಮ ಈಜಿನ ಮೇಡಂ ತೀರಿಕೊಂಡರು. ಅವರ ಅಣ್ಣನ ಮಗ ಫೋನ್ ಮಾಡಿದಾಗ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಪೆನ್ನಿನ ಮುಚ್ಚಳವನ್ನೂ ಹಾಕದೆ ಎದ್ದು ಬ್ಯಾಟರಾಯನಪುರಕ್ಕೆ ಹೋದೆ. ಅವರ ಮನೆತನದ ತೋಟವಿದ್ದ ಜಾಗದಲ್ಲಿ ಈಗ ಅಣ್ಣನ ಮಕ್ಕಳು ಕಟ್ಟಿಸಿದ ನಾಲ್ಕಂತಸ್ತಿನ ಬಿಲ್ಡಿಂಗ್ ಇದೆ. ಕೆಳಗಿನ ಪಾರ್ಕಿಂಗಿನಿಂದ ಕಾರುಗಳನ್ನು ರಸ್ತೆಗೆ ತೆಗೆಸಿ ಅಲ್ಲಿ ಅವರನ್ನು ಮಲಗಿಸಿದ್ದರು. ಕೂದಲನ್ನು ನೀಟಾಗಿ ಬಾಚಿದ್ದರು. ಅವರ ಕೂದಲು ಪೂರ್ತಿ ಒಣಗಿದ್ದನ್ನು ನಾನು ನೋಡಿದ್ದೇ ಅಪರೂಪ, ಹಾಗಾಗಿ ಒಂದು ಕ್ಷಣ ಗುರುತೇ ಸಿಗಲಿಲ್ಲ.

"ಇಲ್ಲೇ ಇತ್ತಂತೆ ಮೇಡಂ, ನಮ್ ತೋಟದ ಬಾವಿ" ಎಂದು ಅಣ್ಣನ ಮಗ ಎರಡು ಪಿಲ್ಲರುಗಳ ನಡುವಿನ ಜಾಗವನ್ನು ತೋರಿಸಿದ. "ಅತ್ತೆ ಈಜು ಕಲ್ತಿದ್ದು ಅದ್ರಲ್ಲೇ. ನಾನು ಹುಟ್ಟೋ ಮುಂಚೆನೇ ಮುಚ್ಚಿಬಿಟ್ಟಿದ್ರು."

ಒಳ್ಳೆಯ ಮಾತೊಂದನ್ನು ಹೇಳಿದೆ ಅನ್ನುವ ಸಮಾಧಾನ ಅವನ ಮುಖದಲ್ಲಿತ್ತು. ಆ ಬಾವಿಯನ್ನು ಯಾಕೆ ಮುಚ್ಚಿದರು ಎಂದು ಅವನಿಗೆ ಗೊತ್ತಿದ್ದಂತೆ ಕಾಣಲಿಲ್ಲ. ನನಗೆ ಗೊತ್ತಿತ್ತು. ಕಾಲ ಕೆಳಗಿನ ಸಿಮೆಂಟ್ ನೆಲ ನೋಡಿದೆ. ಅಲ್ಲಿ ನಿಂತಿರಲು ಆಗದೆ ಗೋಡೆಯ ಕಡೆಗೆ ಸರಿದುಕೊಂಡೆ.

ನಾನು ಹುನಗುಂದದ ಕಡೆಯವಳು. ಕೆಲಸಕ್ಕೆಂದು ಯಲಹಂಕಕ್ಕೆ ಬಂದು ಬಹಳ ವರ್ಷಗಳಾದವು. ಮಂಡಿನೋವಿಗೆ ಡಾಕ್ಟರು ಈಜಲು ಹೇಳಿದರು. ನಲವತ್ತು ದಾಟಿದ ಮೇಲೆ, ನಾಚಿಕೆಯಿಂದ ಮುದುರಿಕೊಂಡು, ಮನೆ ಹತ್ತಿರದ ಈಜುಕೊಳದ ಲೇಡೀಸ್ ಬ್ಯಾಚಿಗೆ ಸೇರಿದೆ. ಅಲ್ಲಿದ್ದವರು ಈ ಮೇಡಂ. ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿ ರಿಟೈರ್ ಆದವರು. ವರ್ಷಗಟ್ಟಲೆ ಮಕ್ಕಳಿಗೆ ಖೋ ಖೋ ಆಡಿಸಿದ್ದೇ ಹೊರತು ಅವರ ಶಾಲೆಗೆ ಕೊಳದ ಭಾಗ್ಯವೆಲ್ಲಿ? ರಿಟೈರ್ ಆದ ಮೇಲೆ ಈ ಕೊಳದಲ್ಲಿ ಕಲಿಸತೊಡಗಿದ್ದರು. ಗಿಡ್ಡ ಆಳು, ಅಗಲ ಭುಜ, ಕಪ್ಪು ಟ್ರ್ಯಾಕ್ ಪ್ಯಾಂಟು, ಸವೆದ ಹವಾಯಿ ಚಪ್ಪಲಿ. ತುಮಕೂರು ದಾಟಿದರೆ ಅವರ ಪಾಲಿಗೆ ಎಲ್ಲವೂ ಹುಬ್ಬಳ್ಳಿಯೇ. ಹುನಗುಂದ ಎಲ್ಲಿದೆ ಎಂದು ನಾನು ಎಷ್ಟು ಸಲ ವಿವರಿಸಿದರೂ ನನ್ನ ಹೆಸರು 'ಹುಬ್ಬಳ್ಳಿ' ಎಂದೇ ಉಳಿಯಿತು. ಟೀಚರಾಗಿ ರೂಢಿಸಿಕೊಂಡಿದ್ದ ಹಕಾರ ಸಿಟ್ಟು ಬಂದರೆ ಬಿದ್ದುಹೋಗುತ್ತಿತ್ತು. ಅವರು 'ಓಗು' ಎಂದರೆ ಇಡೀ ಬ್ಯಾಚು ಗಪ್‌ಚುಪ್.

ತೇಲುವುದನ್ನು ಕಲಿತು ಒಂದಿಷ್ಟು ಕೈಕಾಲು ಬಡಿಯಲು ಬಂದ ಮೇಲೆ ನಾನು ಮೊದಲ ಸಲ ಫ್ರೀಸ್ಟೈಲಿನಲ್ಲಿ ಪೂರ್ತಿ ಒಂದು ಲ್ಯಾಪ್ ಹೊಡೆದೆ. ಆಚೆ ಗೋಡೆ ಹಿಡಿದಾಗ ಕಣ್ಣು ಕತ್ತಲೆ ಬಂದಿತ್ತು.

"ಇವತ್ತು ಮನೇಲಿ ಏನ್ ಸಾರು?" ಎಂದರು ಮೇಡಂ, ಮೇಲಿನಿಂದ ಬಗ್ಗಿ.

"ಬ್ಯಾ... ಬ್ಯಾಳಿ..."

"ಬೇಳೆ ಸಾರಾ? ಜೊತೆಗೆ?"

ನನಗೆ ಮಾತು ಹೊರಡಲಿಲ್ಲ.

"ಒಂದು ವಾಕ್ಯ ಪೂರ್ತಿ ಹೇಳೋಕಾಗ್ಲಿಲ್ಲ ಅಂದ್ರೆ ನೀನು ಈಜಿಲ್ಲ, ನೀರಿನ ಜೊತೆ ಜಗಳ ಆಡಿದ್ದೀಯ. ಇನ್ನೊಂದ್ಸಲ ಹೋಗು. ನಿಧಾನ. ಮೊದಲ್ನೇ ಲ್ಯಾಪು ನಿನಗೇ ನಾಚಿಕೆ ಆಗ್ಬೇಕು, ಅಷ್ಟು ನಿಧಾನ."

ದೂರ ಈಜುವ ವಿದ್ಯೆಗೆ ಅವರಲ್ಲಿದ್ದ ಅಳತೆ ಇದೊಂದೇ. ಬ್ಯಾಚಿನ ಹುಡುಗಿಯರು ಕೈಗೆ ಕಟ್ಟಿಕೊಂಡು ಬರುತ್ತಿದ್ದ ದುಬಾರಿ ವಾಚುಗಳನ್ನು ಅವರು ತಿರುಗಿಯೂ ನೋಡುತ್ತಿರಲಿಲ್ಲ. ಗೋಡೆ ಮುಟ್ಟಿದವರೆಲ್ಲ ಅವತ್ತಿನ ಅಡುಗೆ ಹೇಳಬೇಕು. ಸಾರು, ಪಲ್ಯ, ಒಗ್ಗರಣೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದವರಿಗೆ ಮುಂದಿನ ಲ್ಯಾಪು. ತಡವರಿಸಿದವರಿಗೆ ಅದೇ ಲ್ಯಾಪು ಮತ್ತೆ, ಇನ್ನೂ ನಿಧಾನವಾಗಿ. ಅಡುಗೆಯವಳನ್ನಿಟ್ಟುಕೊಂಡ ಒಬ್ಬರು, ತಮ್ಮ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಗೊತ್ತಿಲ್ಲದೆ, ಈ ಪ್ರಶ್ನೆಗಾಗಿಯೇ ಅಡುಗೆಮನೆಗೆ ಹೋಗಿ ನೋಡಿಕೊಂಡು ಬರತೊಡಗಿದ್ದರು.

ಉಸಿರು ಹಿಡಿತಕ್ಕೆ ಬಂದ ಮೇಲೆ ಎರಡನೆಯ ಪಾಠ. ಕೊಳದ ಅಂಚಿನಲ್ಲಿ ಮೇಡಂ ನಡೆಯುತ್ತಾರೆ, ನಾವು ಅವರ ಸಮಕ್ಕೆ ಈಜಬೇಕು. ಉಸಿರಿಗೆಂದು ಅವರ ಕಡೆ ಮುಖ ತಿರುಗಿಸಿದಾಗಲೆಲ್ಲ ಅವರ ಹವಾಯಿ ಚಪ್ಪಲಿ ಕಣ್ಣಿಗೆ ಬೀಳಬೇಕು. ಚಪ್ಪಲಿ ಹಿಂದೆ ಬಿತ್ತೆಂದರೆ ನಾವು ಅವಸರ ಮಾಡಿದ್ದೇವೆ. ಮುಂದೆ ಹೋಯಿತೆಂದರೆ ಸೋತಿದ್ದೇವೆ. ಅವರ ನಡಿಗೆ ಮೊದಲ ಲ್ಯಾಪಿನಲ್ಲಿ ಹೇಗೋ ಕೊನೆಯ ಲ್ಯಾಪಿನಲ್ಲೂ ಹಾಗೇ. ಒಂದೊಂದು ದಿನ ಏರ್‌ಫೋರ್ಸಿನ ವಿಮಾನಗಳು ತಲೆಯ ಮೇಲೆ ಕಿವಿ ಹರಿಯುವಂತೆ ಹಾರುತ್ತಿದ್ದವು, ಅವರ ಮಾತು ಕೇಳಿಸುತ್ತಿರಲಿಲ್ಲ. ಆಗ ಅಂಗೈಯನ್ನು ಕೆಳಮುಖ ಮಾಡಿ, ಮಗುವನ್ನು ತಟ್ಟಿ ಮಲಗಿಸುವವರ ಹಾಗೆ ಗಾಳಿಯನ್ನು ಮೆಲ್ಲಗೆ ಒತ್ತುತ್ತಿದ್ದರು. ನಿಧಾನ, ನಿಧಾನ.

ಇಷ್ಟು ತಾಳ್ಮೆಯ ಹೆಂಗಸು ಒಂದೇ ಒಂದು ವಿಷಯದಲ್ಲಿ ನಿಷ್ಠುರವಾಗಿದ್ದರು. ಎರಡೂ ಕಡೆ ಉಸಿರು ತೆಗೆದುಕೊಳ್ಳಬೇಕು. ಒಮ್ಮೆ ಬಲಕ್ಕೆ, ಆಮೇಲೆ ಎಡಕ್ಕೆ. ಬಹಳ ಜನಕ್ಕೆ ಒಂದು ಕಡೆ ಸಲೀಸು, ಇನ್ನೊಂದು ಕಡೆ ಕಷ್ಟ. ಚೆನ್ನಾಗಿ ಈಜುತ್ತಿದ್ದ ಐ.ಟಿ. ಕಂಪನಿಯ ಹುಡುಗಿಯೊಬ್ಬಳು, "ನಂಗೆ ರೈಟೇ ಸೆಟ್ ಆಗಿದೆ ಮ್ಯಾಮ್, ಸ್ಪೀಡೂ ಚೆನ್ನಾಗ್ ಬರತ್ತೆ, ಬಿಡಿ" ಎಂದಳು.

"ಎಡಗಡೆ ನೋಡಲ್ಲ ಅಂದ್ರೆ ನನ್ ಬ್ಯಾಚಿಗೆ ಬರ್ಬೇಡ. ಓಗು."

ಹುಡುಗಿ ತಮಾಷೆ ಎಂದುಕೊಂಡು ನಕ್ಕಳು. ಮರುದಿನ ಮೇಡಂ ಅವಳನ್ನು ನಿಜವಾಗಿಯೂ ನೀರಿಗಿಳಿಯಲು ಬಿಡಲಿಲ್ಲ. ಎಡಕ್ಕೆ ತಿರುಗಿಸಿ ತಿರುಗಿಸಿ ನನ್ನ ಕತ್ತು ಹಿಡಿದುಕೊಂಡಿದ್ದ ಒಂದು ದಿನ ನಾನೂ ಕೇಳಿದೆ: "ಒಂದು ಕಡೆಯಿಂದನ ಉಸರ ಸಾಲ್ತತಲ್ರಿ ಮೇಡಂ, ಎರಡೂ ಕಡೆ ಯಾಕ್ರಿ?" ಅವರು ನನ್ನನ್ನು ನೋಡಿ, ಆಚೆ ಲೇನಿನವಳ ಕಾಲು ಸರಿಮಾಡಲು ಹೋದರು.

ಇನ್ನೊಂದು ಅಭ್ಯಾಸವಿತ್ತು. ಬ್ಯಾಚು ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಒದ್ದೆ ಟೋಪಿಯ ಮೇಲೂ ಕೈಯಿಟ್ಟು ಎಣಿಸುತ್ತಿದ್ದರು. ಆಫೀಸಿಗೆ ಹೊತ್ತಾದವರು ಗೊಣಗುತ್ತಿದ್ದರು. ಎಣಿಸಿ ಮುಗಿದ ಮೇಲೂ ಅವರು ಖಾಲಿ ಕೊಳದ ಕಡೆ ತಿರುಗಿ, ನೀರು ಅಲುಗಾಡುವುದು ನಿಲ್ಲುವ ತನಕ ನೋಡುತ್ತಿದ್ದರು.

ಒಂದು ಬೆಳಿಗ್ಗೆ ನಾನು ಬೇಗ ಹೋಗಿದ್ದೆ. ಬ್ಯಾಚಿಗೆ ಮುಂಚೆ ಅವರೊಬ್ಬರೇ ಈಜುತ್ತಿದ್ದರು. ಅಂಥ ಈಜನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ನೀರಿಗೆ ನೋವಾಗದ ಹಾಗೆ ಕೈ ಒಳಗಿಳಿಯುತ್ತಿತ್ತು, ಉದ್ದಕ್ಕೆ ಚಾಚಿ, ಸದ್ದಿಲ್ಲದೆ ಹೊರಬರುತ್ತಿತ್ತು. ಆದರೆ ಲೇನು ಪೂರ್ತಿ ಖಾಲಿಯಿದ್ದರೂ ಅವರು ಬಲಗಡೆಯ ಹಗ್ಗಕ್ಕೆ ಅಂಟಿಕೊಂಡು ಈಜುತ್ತಿದ್ದರು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟವರ ಹಾಗೆ. ಕೊಳದ ನಡುವೆ ಬಂದಾಗ ಪ್ರತಿಸಲವೂ ಕೈ ನಿಲ್ಲಿಸಿ, ತಲೆ ಪೂರ್ತಿ ಮೇಲೆತ್ತಿ, ಎಡಕ್ಕೆ ನೋಡುತ್ತಿದ್ದರು. ಆಮೇಲೆ ಮತ್ತೆ ಮುಂದಕ್ಕೆ. ಗೋಡೆಯ ಹತ್ತಿರ ಬಂದಾಗ ನಾನು ಕೇಳಿದೆ, "ಯಾರರ ಬರೋರಿದ್ದಾರೇನ್ರಿ ಮೇಡಂ?"

"ಯಾರೂ ಇಲ್ಲಮ್ಮ" ಎಂದರು. ಗಾಗಲ್ಸ್ ತೆಗೆಯಲಿಲ್ಲ.

ಮಂಡಿನೋವಿಗೆ ಶುರುವಾದದ್ದು ನನಗೆ ಚಟವಾಯಿತು. ಅರ್ಧ ಗಂಟೆ ನಿಲ್ಲದೆ ಈಜಿದೆ, ಆಮೇಲೆ ಒಂದು ಗಂಟೆ. ಮಂಡ್ಯದ ಕಡೆ ಒಂದು ಹಿನ್ನೀರಿನಲ್ಲಿ ಹವ್ಯಾಸಿಗಳಿಗಾಗಿ ದೂರದ ಈಜು ನಡೆಯುತ್ತದೆ ಎಂದು ಯಾರೋ ಹೇಳಿದರು. ನಾನು ಹೆಸರು ಕೊಟ್ಟುಬಿಟ್ಟೆ. ಮೇಡಂಗೆ ಖುಷಿಯಾಗುತ್ತದೆಂದು ಓಡಿಹೋಗಿ ಹೇಳಿದರೆ ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು.

"ಯಾರನ್ ಕೇಳಿ ಕೊಟ್ಟೆ? ಅಲ್ಲಿ ಇಡ್ಕೊಳಕ್ಕೆ ಗೋಡೆ ಇರ್ತದಾ? ನೆಲ ಕಾಣ್ತದಾ?"

ಅವತ್ತಿನಿಂದ ಮಾತು ಬಿಟ್ಟರು. ನಾನು ಗೋಡೆ ಮುಟ್ಟಿದಾಗ ಸಾರಿನ ವಿಚಾರ ಕೇಳುತ್ತಿರಲಿಲ್ಲ. ಕೊನೆಗೆ ಎಣಿಸುವಾಗ ಮಾತ್ರ ನನ್ನ ತಲೆಯ ಮೇಲೆ ಕೈ ಬೀಳುತ್ತಿತ್ತು, ಬೇರೆಯವರಿಗಿಂತ ತುಸು ಹೆಚ್ಚು ಹೊತ್ತು.

ಕೆಲವು ದಿನ ಕಳೆದ ಮೇಲೆ ಟೈಲ್ಸ್ ತೊಳೆಯಲೆಂದು ಕೊಳದ ನೀರು ಖಾಲಿ ಮಾಡಿದರು. ಬ್ಯಾಚಿಗೆ ರಜೆ ಎಂದು ಗೊತ್ತಿಲ್ಲದೆ ನಾನು ಹೋಗಿದ್ದೆ. ಮೇಡಂ ಒಬ್ಬರೇ ಆಳದ ಕಡೆಯ ಅಂಚಿನಲ್ಲಿ, ನೀರಿಲ್ಲದ ಕೊಳದೊಳಗೆ ಕಾಲು ಇಳಿಬಿಟ್ಟು ಕೂತಿದ್ದರು. ತಿರುಗಿ ಹೋಗೋಣ ಎಂದುಕೊಂಡೆ. "ಬಾ ಹುಬ್ಬಳ್ಳಿ" ಎಂದರು. ಪಕ್ಕದಲ್ಲಿ ಕೂತೆ. ನಮ್ಮ ಕಾಲ ಕೆಳಗೆ ನೀಲಿ ಗುಂಡಿ, ತಳದಲ್ಲಿ ಅಂಗೈಯಗಲ ನೀರು, ಅದರಲ್ಲಿ ಯಾರದೋ ಒಂದು ಹೇರ್‌ಕ್ಲಿಪ್ಪು.

"ನನಗೊಬ್ಳು ತಂಗಿ ಇದ್ಲು" ಎಂದರು.

ಅಕ್ಕತಂಗಿ ಇಬ್ಬರೂ ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ತಂಗಿ ಎರಡು ವರ್ಷ ಚಿಕ್ಕವಳು, ಅಕ್ಕನಿಗಿಂತ ವೇಗ. ಬಾವಿಯ ಮೇಲಿನ ಮೆಟ್ಟಿಲಿಂದ ಅವಳು ಹಾರಿದರೆ ನೀರು ಸೇದಲು ಬಂದವರು ನಿಂತು ನೋಡುತ್ತಿದ್ದರಂತೆ. ಹೈಸ್ಕೂಲಿನ ಮೇಷ್ಟರೊಬ್ಬರು ಇಬ್ಬರನ್ನೂ ಪಂದ್ಯಗಳಿಗೆ ಕರೆದುಕೊಂಡು ಹೋಗತೊಡಗಿದರು. ಕಾಲೇಜಿನ ದಿನಗಳಲ್ಲಿ ಒಮ್ಮೆ ಕರಾವಳಿಗೆ ಹೋದರು. ನದಿ ಸಮುದ್ರ ಸೇರುವ ಕಡೆ ದೂರದ ಈಜಿನ ಸ್ಪರ್ಧೆ.

"ಅವ್ಳು ಶುರುನಲ್ಲೇ ಬಾಣ ಬಿಟ್ಟಂಗೆ ಹೋದ್ಲು. ನಾನು ನನ್ ಪಾಡಿಗೆ ನಿಧಾನ. ಮೇಷ್ಟ್ರು ಹೇಳಿದ್ದ ಹಾಗೆ, ಒಂದೇ ಸಮ. ಎಡಗಡೆಯಿಂದ ಬಿಸ್ಲು ಕಣ್ಣಿಗೆ ಹೊಡೀತಿತ್ತು, ಅದಕ್ಕೆ ಬಲಗಡೆಗೇ ಉಸ್ರು ತಗೊಂಡೆ. ಪೂರ್ತಿ ದೂರ ಬಲಗಡೆಗೇ. ಒಬ್ಬೊಬ್ರನ್ನೇ ದಾಟ್ತಾ ಬಂದೆ. ಎಂಥಾ ಖುಷಿ ಅಂತೀಯ. ಮೂರನೆಯವಳಾಗಿ ದಡಕ್ಕೆ ಬಂದೆ, ಕೊರಳಿಗೆ ಹಾರ ಹಾಕಿದ್ರು."

ದೂರದಲ್ಲಿ ಯಾರೋ ಬ್ರಷ್ಷಿನಿಂದ ಟೈಲ್ಸ್ ಉಜ್ಜುವ ಸದ್ದು.

"ತಂಗಿ ನನಗಿಂತ ಮುಂಚೆನೇ ಬಂದಿರ್ತಾಳೆ ಅಂದ್ಕೊಂಡೆ. ಜೋರಾಗಿ ಹೋದೋಳಲ್ವಾ. ಎಲ್ಲೋ ಎಳನೀರು ಕುಡೀತಾ ಇರ್ತಾಳೆ ಅಂದ್ಕೊಂಡು ಹುಡುಕ್ಲೇ ಇಲ್ಲ. ಕಾವಲಿಗಿದ್ದ ದೋಣಿಯೋರೂ ದಡಕ್ಕೆ ಬಂದು ಭಾಷಣ ಕೇಳ್ತಾ ನಿಂತಿದ್ರು. ಬಹುಮಾನಕ್ಕೆ ಹೆಸ್ರು ಕರೆಯೋವಾಗ ಅವಳ ಹೆಸ್ರು ಬರ್ಲಿಲ್ಲ, ಆವಾಗ ನನಗೆ ಗೊತ್ತಾಯ್ತು. ಮತ್ತೆ ದೋಣಿ ಇಳಿಸೋ ಹೊತ್ಗೆ ಇಳಿತ ಶುರುವಾಗಿ ನೀರೆಲ್ಲ ಸಮುದ್ರದ ಕಡೆ ಎಳೀತಿತ್ತು. ಸಿಗ್ಲಿಲ್ಲ. ಸಿಗ್ಲೇ ಇಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ಆದರೆ ಆ ಕೈಗೆ ನಾನು ಹಿಡಿದದ್ದು ಗೊತ್ತಾದಂತೆಯೂ ಇರಲಿಲ್ಲ.

"ಎಲ್ಲೋ ಒಂದ್ ಕಡೆ ನಾನು ಅವಳನ್ನ ದಾಟಿ ಬಂದಿದ್ದೀನಿ ಕಣಮ್ಮ. ನನ್ ಎಡಗಡೆ ಇದ್ಲು ಅವ್ಳು. ಸುಸ್ತಾಗಿ ಕೈ ಎತ್ತಿದ್ಲೋ, ಅಕ್ಕಾ ಅಂತ ಕೂಗಿದ್ಲೋ. ಕತ್ತು ಇಂಗೆ ಒಂದ್ಸಲ, ಇಂಗೆ ಒಂದ್ಸಲ ತಿರುಗಿಸಿದ್ರೆ ಸಾಕಾಗಿತ್ತು."

ಅಪ್ಪ ಆ ವರ್ಷವೇ ಬಾವಿ ಮುಚ್ಚಿಸಿದರಂತೆ. ಮನೆಯಲ್ಲಿ ಮತ್ತೆ ಯಾರೂ ಆ ಮಗಳ ಹೆಸರೆತ್ತಲಿಲ್ಲ. ಮೇಡಂ ಮದುವೆಯಾಗಲಿಲ್ಲ. ನದಿ, ಕೆರೆ, ಸಮುದ್ರ ಯಾವುದರ ದಡಕ್ಕೂ ಮತ್ತೆ ಹೋಗಲಿಲ್ಲ. ಹೆಸರಘಟ್ಟದ ಕೆರೆಯ ಕಡೆ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೂ ಬಸ್ಸಿನಿಂದ ಇಳಿದಿರಲಿಲ್ಲವಂತೆ.

"ನಾನು ಹೋಗಂಗಿಲ್ರಿ ಮೇಡಂ" ಎಂದೆ. "ಹೆಸರು ವಾಪಸ್ ತಗೋತೇನಿ."

"ಯಾಕ್ ಓಗಲ್ಲ? ಓಗು." ಸಿಟ್ಟಿನಲ್ಲಿ ಎದ್ದು ನಿಂತರು. "ನೀನು ಓಗ್ದೇ ಇದ್ರೆ ಅವಳೇನು ಎದ್ ಬರ್ತಾಳಾ? ನಾಳೆಯಿಂದ ನಾನು ಹೇಳಿದಂಗೆ ತಯಾರಾಗು."

ಆ ಬೇಸಿಗೆ ಪೂರ್ತಿ ಅವರು ನನ್ನನ್ನು ತಯಾರು ಮಾಡಿದರು. ವಾರಕ್ಕೊಮ್ಮೆ ಉದ್ದನೆಯ ಈಜು, ಮಿಕ್ಕ ದಿನ ತುಂಡುತುಂಡು. ಹೋಗುವಾಗ ಎಷ್ಟು ಹೊತ್ತೋ ಬರುವಾಗಲೂ ಅಷ್ಟೇ ಹೊತ್ತು ಆಗಬೇಕು. ಒಂದು ಚೂರು ಬೇಗ ಬಂದರೆ ಒಳ್ಳೆಯದು, ತಡವಾದರೆ ಮೊದಲರ್ಧ ತಪ್ಪು. ದಾರಿ ನೋಡಲು ತಲೆ ಎತ್ತಬಾರದು, ಮೊಸಳೆಯ ಹಾಗೆ ಕಣ್ಣಷ್ಟೇ ನೀರಿನ ಮೇಲೆ ತರಬೇಕು. ಒಂದೇ ಲೇನಿಗೆ ಮೂವರನ್ನು ಇಳಿಸಿ, ಕೈಗೆ ಕೈ ಕಾಲಿಗೆ ಕಾಲು ತಾಗಿಸಿ, ಆ ಗಲಾಟೆಯಲ್ಲೂ ಉಸಿರು ಕೆಡದಂತೆ ಅಭ್ಯಾಸ ಮಾಡಿಸಿದರು. ಒಮ್ಮೊಮ್ಮೆ ನನ್ನ ಪಕ್ಕದಲ್ಲಿ ತಾವೇ ಈಜುತ್ತಿದ್ದರು. ಎಡಕ್ಕೆ ತಿರುಗಿದಾಗಲೆಲ್ಲ ಅವರ ಮುಖ ನನ್ನ ಮುಖಕ್ಕೆ ಎದುರಾಗಿ ಸಿಗುತ್ತಿತ್ತು. ಗಾಗಲ್ಸಿನ ಹಿಂದಿನ ಕಣ್ಣುಗಳು ನನ್ನನ್ನು ನೋಡುತ್ತಿವೆಯೋ ನನ್ನ ಆಚೆ ಇನ್ನೇನನ್ನೋ ಹುಡುಕುತ್ತಿವೆಯೋ ಹೇಳಲು ಬರುತ್ತಿರಲಿಲ್ಲ. ಮನೆಗೆ ಹೋಗಿ ಕಣ್ಣು ಮುಚ್ಚಿದರೆ ಆ ಮುಖ ಮತ್ತೆ ಬರುತ್ತಿತ್ತು.

ಸ್ಪರ್ಧೆಗೆ ಅವರು ಬರುತ್ತಾರೆಂದು ನಾನು ನಿರೀಕ್ಷಿಸಿರಲಿಲ್ಲ. ಆದರೆ ಬೆಳಗಿನ ಜಾವ ನಾನು ಮಾಡಿದ್ದ ಬಾಡಿಗೆ ಕಾರು ಬ್ಯಾಟರಾಯನಪುರದ ತಿರುವಿಗೆ ಬಂದಾಗ ರಸ್ತೆಯ ಬದಿಯಲ್ಲಿ ಸೀರೆ ಉಟ್ಟು ನಿಂತಿದ್ದರು. ಸೀರೆಯಲ್ಲಿ ಅವರನ್ನು ಕಂಡದ್ದು ಅದೇ ಮೊದಲು. ಹಿನ್ನೀರು ಕಂಡ ಕೂಡಲೇ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

ಸೀಟಿ ಊದಿದಾಗ ಎಲ್ಲರೂ ಒಟ್ಟಿಗೆ ನುಗ್ಗಿದರು. ಯಾರದೋ ಹಿಮ್ಮಡಿ ನನ್ನ ಕೆನ್ನೆಗೆ ಬಡಿಯಿತು. ಎದೆ ಹೊಡೆದುಕೊಳ್ಳತೊಡಗಿ, ನಾನೂ ಅವರ ಜೊತೆ ಓಡುವ ಹಾಗೆ ಕೈ ಬೀಸತೊಡಗಿದ್ದೆ. ಆಮೇಲೆ ನೀರೊಳಗೇ ಅವತ್ತಿನ ಅಡುಗೆ ಹೇಳಿಕೊಂಡೆ: ಮನೆಯಲ್ಲಿ ಇವತ್ತು ಅಡುಗೆಯೇ ಇಲ್ಲ, ಗಂಡ ಹೋಟೆಲಿನಲ್ಲಿ ಊಟ ಮಾಡುತ್ತಾರೆ. ವಾಕ್ಯ ಪೂರ್ತಿ ಬರುವ ತನಕ ವೇಗ ಇಳಿಸಿದೆ. ಗುಂಪು ಮುಂದೆ ಹೋಯಿತು. ನಾಚಿಕೆಯಾಗುವಷ್ಟು ನಿಧಾನಕ್ಕೆ ಬಂದಾಗ ಉಸಿರು ಸಿಕ್ಕಿತು.

ನಡುನೀರಿನಲ್ಲಿ ಕೆಳಗೆ ಏನೂ ಕಾಣಿಸುವುದಿಲ್ಲ. ಮಣ್ಣಿನ ಬಣ್ಣದ ಮಬ್ಬು, ತನ್ನದೇ ಕೈ ಅದರಲ್ಲಿ ಮಾಯವಾಗುವುದು, ಅಷ್ಟೇ. ಅಲ್ಲಿ, ಎಡಕ್ಕೆ ತಿರುಗಿದಾಗ, ಯಾರೋ ನನ್ನ ಸಮಕ್ಕೆ ಈಜುತ್ತಿರುವಂತೆ ಕಂಡಿತು. ನನ್ನ ಕೈ ಬಿದ್ದಾಗ ಆ ಕೈಯೂ ಬೀಳುತ್ತಿತ್ತು. ಬಲಕ್ಕೆ ತಿರುಗಿ, ಮತ್ತೆ ಎಡಕ್ಕೆ ಬಂದಾಗ ಇನ್ನೂ ಇತ್ತು. ಸ್ಪರ್ಧೆಯವರೇ ಯಾರೋ ಇರಬೇಕೆಂದುಕೊಂಡು ಕೈ ನಿಲ್ಲಿಸಿ, ತಲೆ ಎತ್ತಿ ನೋಡಿದೆ. ನೀರು ಬಿಟ್ಟರೆ ಏನಿಲ್ಲ. ದೋಣಿಯವನು "ಆರಾಮಿದ್ದೀರಾ?" ಎಂದು ಕೂಗಿದ. ಕೈ ಎತ್ತಿ ಹೂಂ ಎಂದೆ. ಬಿಸಿಲಿನ ಆಟವಿರಬಹುದು, ನನ್ನದೇ ಭಯವಿರಬಹುದು. ಮುಂದಿನ ದಾರಿಯನ್ನೆಲ್ಲ ನಾನು ಬಲಗಡೆಗೆ ಸ್ವಲ್ಪ ಸರಿದು ಈಜಿದೆ. ಕೊನೆಯ ಭಾಗದಲ್ಲಿ ಸುಸ್ತಾಗಿ ತೇಲುತ್ತಿದ್ದ ಹಲವರನ್ನು ದಾಟಿದೆ. ಎಡಕ್ಕಿದ್ದವರನ್ನೂ ಬಲಕ್ಕಿದ್ದವರನ್ನೂ ಮುಖ ನೋಡಿಯೇ ದಾಟಿದೆ.

ದಡಕ್ಕೆ ಬಂದಾಗ ಮೇಡಂ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದರು. ನನ್ನ ಟೋಪಿಯ ಮೇಲೆ ಕೈಯಿಟ್ಟು, ನನ್ನ ಹಿಂದಕ್ಕೇ ನೋಡುತ್ತಿದ್ದರು. ನನ್ನ ನಂತರ ಬಂದವರಿಗೆಲ್ಲ, ಗುರುತಿಲ್ಲದವರ ತಲೆಗೂ, ಹಾಗೇ ಕೈಯಿಟ್ಟರು. ಕೊನೆಯವನೂ ಬಂದ. ಶಾಮಿಯಾನದ ಕೆಳಗೆ ಮೈಕು ಕಿರುಗುಟ್ಟಿತು. ಅವರು ಕದಲಲಿಲ್ಲ. ಸಂಘಟಕರ ಪೈಕಿ ಒಬ್ಬ ಹುಡುಗ ಬಂದ.

"ಎಲ್ರೂ ಬಂದಾಯ್ತು ಆಂಟಿ. ಬನ್ನಿ, ನೆರಳಿಗೆ."

"ಇಲ್ಲಪ್ಪ. ಇನ್ನೊಬ್ಳು ಬರ್ಬೇಕು."

ಹುಡುಗನ ಮುಖದ ಬಣ್ಣ ಹೋಯಿತು. "ಯಾರು ಆಂಟಿ? ಹೆಸರೇನು?"

ಮೇಡಂ ಹೆಸರು ಹೇಳಿದರು. ಆ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಅಲ್ಲಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಹುಡುಗ ಓಡಿಹೋಗಿ ಮೈಕಿನಲ್ಲಿ ಆ ಹೆಸರನ್ನು ಕೂಗಿಸಿದ, ಮತ್ತೆ ಮತ್ತೆ. ನೀರಿನ ಮೇಲೆ ಅದು ಬಹಳ ದೂರ ಹೋಯಿತು. ಅಂಥ ಹೆಸರಿನವರು ಯಾರೂ ಈಜಿಗೇ ಬಂದಿಲ್ಲ ಎಂದು ಅಷ್ಟರಲ್ಲಿ ಸಂಘಟಕರಿಗೆ ಗೊತ್ತಾಗಿರಬೇಕು. ಅವನು ನನ್ನ ಕಡೆ ನೋಡಿದ. ನಾನು ಅವನನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಹೇಳಿದೆ. ಅವರ ತಂಗಿ, ಬಹಳ ಹಿಂದೆ, ಬೇರೆ ಕಡೆ, ಹೀಗೇ ಒಂದು ಈಜಿನಲ್ಲಿ. ಅವತ್ತು ಯಾರೂ ಹೊತ್ತಿಗೆ ಸರಿಯಾಗಿ ನೋಡಲು ಹೋಗಲಿಲ್ಲ.

ಹುಡುಗ ಒಂದು ಕ್ಷಣ ನೆಲ ನೋಡಿದ. ಆಮೇಲೆ ದೋಣಿಯವರ ಕಡೆ ಹೋಗಿ ಏನೋ ಹೇಳಿದ. ಎರಡು ದೋಣಿಗಳು ಮತ್ತೆ ನೀರಿಗಿಳಿದವು. ಬಹುಮಾನ ವಿತರಣೆ ನಿಂತಿತು. ಜನ ಮೊದಲು ಗೊಣಗಿದರು, ಆಮೇಲೆ ಒಬ್ಬರಿಂದೊಬ್ಬರಿಗೆ ವಿಷಯ ತಿಳಿಯುತ್ತ ಬಂದ ಹಾಗೆ ಎಲ್ಲರೂ ದಡಕ್ಕೆ ಬಂದು ನಿಂತರು. ದೋಣಿಗಳು ಉದ್ದಕ್ಕೂ ಹೋಗಿ, ಬೇರೆ ಬೇರೆಯಾಗಿ, ಅಂಚು ಅಂಚನ್ನು ನೋಡಿಕೊಂಡು ಬಂದವು. ದೋಣಿಯ ಮುದುಕ ಇಳಿದು ನೇರ ಮೇಡಂ ಹತ್ತಿರ ಬಂದ.

"ಪೂರ್ತಿ ನೋಡ್ಕ ಬಂದೋ ಕಣವ್ವ. ಯಾರೂ ಇಲ್ಲ."

"ಪೂರ್ತಿ ನೋಡಿದ್ರಾ?"

"ಪೂರ್ತಿ ನೋಡ್ದೋ."

ಮೇಡಂ ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ಮುಖ ತೊಳೆದುಕೊಂಡರು. ಸೆರಗಿನಿಂದ ಒರೆಸಿಕೊಂಡು, "ಸರಿಯಪ್ಪ" ಎಂದರು.

ಅಂದಿನಿಂದ ಅವರು ಹಗುರಾದರು ಎಂದರೆ ಸುಳ್ಳಾಗುತ್ತದೆ. ಆಮೇಲೂ ಟೋಪಿ ಎಣಿಸಿದರು, ಆಮೇಲೂ ಕೊಳದ ನಡುವೆ ತಲೆ ಎತ್ತಿ ನೋಡಿದರು. ಆಸ್ಪತ್ರೆಯಲ್ಲಿ ಕೊನೆಗೆ ಯಾರನ್ನು ಕರೆದರೋ ನಾನು ಅವರ ಅಣ್ಣನ ಮಗನನ್ನು ಕೇಳಲಿಲ್ಲ. ಆದರೆ ಅವರನ್ನು ನೆನೆಸಿಕೊಂಡಾಗ ನನಗೆ ಹೆಚ್ಚಾಗಿ ಬರುವುದು ಅವತ್ತು ವಾಪಸು ಬಂದ ದಾರಿ.

ಕಾರು ಹತ್ತಿದ ಸ್ವಲ್ಪ ಹೊತ್ತಿಗೆ ಅವರ ತಲೆ ನನ್ನ ಭುಜಕ್ಕೆ ವಾಲಿತು. ಬಾಯಿ ತುಸು ತೆರೆದು, ಎರಡೂ ಕೈ ಮಡಿಲಲ್ಲಿ ಬಿಟ್ಟು, ಚಿಕ್ಕ ಹುಡುಗಿಯ ಹಾಗೆ ನಿದ್ದೆ ಹೋದರು. ಊರೊಳಗಿನ ಹಾರ್ನುಗಳಿಗೂ ಎಚ್ಚರವಾಗಲಿಲ್ಲ. ಹೆಬ್ಬಾಳದ ಫ್ಲೈಓವರಿನ ಮೇಲೆ ಗಾಡಿಗಳು ನಿಂತು ನಿಂತು ಚಲಿಸಿದವು, ಆಗಲೂ ಆಗಲಿಲ್ಲ. ಅವರ ಮನೆಯ ತಿರುವು ಬಂತು. ಡ್ರೈವರ್ ವೇಗ ಇಳಿಸಿ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಆಂಟಿನ ಇಲ್ಲೇ ಅಲ್ವಾ ಬಿಡ್ಬೇಕಾಗಿದ್ದು?"

"ನಿಲ್ಲಸಬ್ಯಾಡ್ರಿ" ಎಂದೆ ಪಿಸುದನಿಯಲ್ಲಿ. "ಯಲಹಂಕ ತನಾ ಹೋಗಿ ಹೊಳ್ಳಿ ಬರೂಣು. ನಿಧಾನ ನಡೀರಿ."